ಗಂಧ ಹಾಕೋ ಮುಂಚೆ ಬೇಲಿ ನೋಡಿ

ಚಾಮರಾಜನಗರ ಜಿಲ್ಲೆಯ ಹನೂರು ಕಡೆ ಜಮೀನು ತಗೊಂಡು ಶ್ರೀಗಂಧ ಹಾಕಬಹುದಾ, ಕಳ್ಳರ ಕಾಟ ಎಷ್ಟು ಅಂತ ಕೇಳಿದ್ದೀರಿ. ಕಳ್ಳರ ಮಾತು ಆಮೇಲೆ ಸ್ವಾಮಿ. ಅಕ್ಕಪಕ್ಕದ ಬೇಲಿಯಲ್ಲಿ ತಾನಾಗೇ ಹುಟ್ಟಿದ ಗಂಧದ ಗಿಡ ಹೇಗಿದೆ, ಮೊದಲು ಅದನ್ನ ನೋಡಿ. ಎಲೆ ಚಿಕ್ಕದಾಗಿ, ಬಿರುಸಾಗಿ, ಕಡ್ಡಿ ತುಂಬ ಮುಳ್ಳಿನ ಹಾಗೆ ಒತ್ತೊತ್ತಾಗಿ ನಿಂತಿದ್ದರೆ ಅದು ಸ್ಪೈಕ್ ರೋಗ. ಅಂಥ ಮರ ಎರಡು ಮೂರು ವರ್ಷದಲ್ಲಿ ಒಣಗುತ್ತೆ.

1899ರಲ್ಲಿ ಈಗಿನ ಕುಶಾಲನಗರದ ಹತ್ತಿರ ಮೊದಲು ಗುರುತಿಸಿದ ರೋಗ ಇದು. ರೋಗಾಣುವಿನ ಹೆಸರು ಫೈಟೋಪ್ಲಾಸ್ಮಾ, ಬ್ಯಾಕ್ಟೀರಿಯಾ ಜಾತಿಯ ಸೂಕ್ಷ್ಮಜೀವಿ. ಹರಡೋದು ರಸ ಹೀರುವ ಜಿಗಿಹುಳು. ಟೆಟ್ರಾಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್ ಔಷಧಿ ಮರಕ್ಕೆ ಚುಚ್ಚಿದರೆ ಒಂದಷ್ಟು ದಿನ ಚಿಗುರುತ್ತೆ, ಆಮೇಲೆ ಅದೇ ಕಥೆ.

ನಮ್ಮ ಹನೂರು ಕಡೆಯವರಿಗೆ ಗಂಧ ಅಂದರೆ ಮೊದಲಿಂದಲೂ ಅಂಜಿಕೆ. 1792ರಲ್ಲಿ ಟಿಪ್ಪು ಇದನ್ನ ರಾಜಮರ, ಅಂದರೆ ಅರಸನ ಸ್ವತ್ತು ಅಂದ. 1956ರವರೆಗೆ ನಾವು ಮದ್ರಾಸ್ ಕಡೆಯ ಕೊಯಮತ್ತೂರು ಜಿಲ್ಲೆಯವರು. ಕರ್ನಾಟಕಕ್ಕೆ ಸೇರಿದ ಮೇಲೂ ಹೊಲ ನಮ್ಮದು, ಅದರಲ್ಲಿ ಹುಟ್ಟಿದ ಗಂಧ ಸರ್ಕಾರದ್ದು. ಮರ ಕಳುವಾದರೆ ನಮ್ಮನ್ನೇ ಹಿಡಿದು ಕೇಳೋರು. ನಮ್ಮ ತಾತ ಉಳುವಾಗ ಗಂಧದ ಸಸಿ ಕಂಡರೆ ಕಿತ್ತು ಬಿಸಾಕ್ತಿದ್ದರು. 2001ರಲ್ಲಿ ಕರ್ನಾಟಕ, ಮರುವರ್ಷ ತಮಿಳುನಾಡು ಕಾನೂನು ಬದಲಾಯಿಸಿ ಮರ ರೈತಂದೇ ಅಂದವು. ಕಡಿಯೋಕೆ, ಸಾಗಿಸೋಕೆ ಮಾತ್ರ ಇವತ್ತಿಗೂ ಅರಣ್ಯ ಇಲಾಖೆ ಅಪ್ಪಣೆ ಬೇಕು.

ತೊಡಕು ಇರೋದು ಇಲ್ಲಿ. ಚೇಗು, ಅಂದರೆ ವಾಸನೆ ಇರೋ ಒಳತಿರುಳು, ಕಟ್ಟೋಕೆ ಹತ್ತು ಹದಿನೈದು ವರ್ಷ ಬೇಕು. ಹಳೇ ಮರ ಸತ್ತರೂ ಚೇಗಿನ ವಾಸನೆ ಉಳಿಯುತ್ತೆ, ನಾಲ್ಕು ಕಾಸು ಬರುತ್ತೆ. ಐದು ವರ್ಷದ ಗಿಡಕ್ಕೆ ರೋಗ ತಗುಲಿದರೆ ಕೈಗೆ ಬರೋದು ಸೌದೆ. ಅದನ್ನ ಕಿತ್ತು ಸುಟ್ಟಿರಿ ಅಂತಲೇ ಇಟ್ಕೊಳ್ಳಿ, ಹಿಂದಿನ ಬೆಟ್ಟದಲ್ಲಿ ರೋಗದ ಮರ ನಿಂತೇ ಇರುತ್ತೆ. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಿಂದ ವನ್ಯಜೀವಿಧಾಮ. ಅಲ್ಲಿ ಹಸಿ ಮರಕ್ಕೆ ಕೊಡಲಿ ಹಾಕೋದು ಸುಲಭವಲ್ಲ. ಕಾಡಿಗೆ ಅದೇ ಸರಿ ಅಂತ ನನಗೂ ಅನ್ನಿಸುತ್ತೆ, ಬೇಲಿ ಈಚೆ ಗಂಧ ಹಾಕಿದವನ ಪಾಡು ಬೇರೆ.

ಸಸಿಯದೂ ಹೀಗೇ. ತಮಿಳುನಾಡು ಗಡಿಯ ಗರಿಕೆಕಂಡಿ ಚೆಕ್‌ಪೋಸ್ಟಿನಲ್ಲಿ ಮರದ ಲಾರಿ ನಿಲ್ಲಿಸಿ ನೋಡ್ತಾರೆ. ಸಸಿ ತುಂಬಿದ ಟೆಂಪೋ ತಡೆದು ರೋಗ ಇದೆಯಾ ಅಂತ ಕೇಳಿದ್ದನ್ನ ನಾನು ಕಂಡಿಲ್ಲ. ನೋಡೋಕೆ ಹಸಿರಾಗಿದ್ದ ಗಿಡದೊಳಗೂ ರೋಗಾಣು ಇರಬಹುದು. ಪರೀಕ್ಷೆ ಮಾಡಿಸದೆ ಗೊತ್ತಾಗಲ್ಲ.

ಅಡ್ವಾನ್ಸ್ ಕೊಡಬೇಡಿ ಇನ್ನೂ. ಒಂದು ದಿನ ಬಿಡುವು ಮಾಡ್ಕೊಂಡು ಬನ್ನಿ, ಬೇಲಿ ಸುತ್ತಿ ಬರೋಣ.