ಗುಂಡಿನ ಕಾಳಗವೇ ಕಡಿಮೆಯಿರುವ 'ಹೈ ನೂನ್' ಇಷ್ಟು ಕಾಲ ಉಳಿದದ್ದು ಹೇಗೆ?

1952ರ 'ಹೈ ನೂನ್' ಚಿತ್ರವನ್ನು ಶ್ರೇಷ್ಠ ವೆಸ್ಟರ್ನ್ (ಅಮೆರಿಕದ ಪಶ್ಚಿಮ ಭಾಗದ ಹಿಂದಿನ ಕಾಲದ ಕಥೆ ಹೇಳುವ ಚಿತ್ರ) ಎಂದು ಹೊಗಳುವುದನ್ನು ಕೇಳಿ ನೋಡಿದಿರೆಂದೂ, ಆದರೆ ಊರಿನ ಕಾನೂನು ಕಾಯುವ ಅಧಿಕಾರಿಯಾದ ವಯಸ್ಸಾದ ಮಾರ್ಷಲ್ ಒಬ್ಬ ಮನೆಮನೆಗೆ ಹೋಗಿ ನೆರವು ಕೇಳುವುದರಲ್ಲೇ ಬಹುಪಾಲು ಸಮಯ ಕಳೆದು, ಗುಂಡಿನ ಕಾಳಗ ಕೊನೆಯ ಕೆಲವು ನಿಮಿಷಗಳಲ್ಲಿ ಮುಗಿದುಹೋಯಿತೆಂದೂ ಬರೆದಿದ್ದೀರಿ. ಇಂತಹ ಚಿತ್ರವನ್ನು ಎಪ್ಪತ್ತು ವರ್ಷಗಳ ಮೇಲೂ ಜನ ಏಕೆ ನೋಡುತ್ತಾರೆ ಎಂಬುದು ನಿಮ್ಮ ಪ್ರಶ್ನೆ. ನೀವು ಚಿತ್ರವನ್ನು ಸರಿಯಾಗಿಯೇ ಗಮನಿಸಿದ್ದೀರಿ. ಆ ಮನೆಮನೆಯ ಅಲೆದಾಟವೇ ಅದರ ಜೀವಾಳ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಥೆ ನಡೆಯುವುದು ನ್ಯೂ ಮೆಕ್ಸಿಕೊ ಪ್ರಾಂತ್ಯದ ಹ್ಯಾಡ್ಲಿವಿಲ್ ಎಂಬ ಕಲ್ಪಿತ ಊರಿನಲ್ಲಿ, ಒಂದು ಭಾನುವಾರದ ಬೆಳಿಗ್ಗೆ. ಮಾರ್ಷಲ್ ವಿಲ್ ಕೇನ್ ಆಗತಾನೇ ಮದುವೆಯಾಗಿ, ಅಧಿಕಾರದ ಬ್ಯಾಡ್ಜ್ ಕಳಚಿಟ್ಟು, ಹೆಂಡತಿಯೊಂದಿಗೆ ಊರು ಬಿಡಲಿದ್ದಾನೆ. ಅಷ್ಟರಲ್ಲಿ ಸುದ್ದಿ ಬರುತ್ತದೆ: ಐದು ವರ್ಷಗಳ ಹಿಂದೆ ಅವನು ಹಿಡಿದು ಜೈಲಿಗೆ ಕಳಿಸಿದ್ದ ಫ್ರಾಂಕ್ ಮಿಲ್ಲರ್ ಬಿಡುಗಡೆಯಾಗಿ ಮಧ್ಯಾಹ್ನ 12ರ ರೈಲಿಗೆ ಬರುತ್ತಿದ್ದಾನೆ, ಅವನ ಮೂವರು ಸಂಗಡಿಗರು ಆಗಲೇ ನಿಲ್ದಾಣದಲ್ಲಿ ಕಾದಿದ್ದಾರೆ. ಉಳಿದಿರುವುದು ಒಂದೂವರೆ ಗಂಟೆಗಿಂತ ಕಡಿಮೆ. ಚಿತ್ರದ ಅವಧಿಯೂ 85 ನಿಮಿಷ. ತೆರೆಯ ಮೇಲಿನ ಕಾಲವೂ ನೋಡುವವರ ಕಾಲವೂ ಹೆಚ್ಚುಕಡಿಮೆ ಜೊತೆಯಾಗಿ ಸಾಗುವುದರಿಂದ, ಗೋಡೆಯ ಗಡಿಯಾರ ಮತ್ತೆ ಮತ್ತೆ ಕಾಣಿಸಿಕೊಂಡಾಗಲೆಲ್ಲ ಕೇನ್ ಎಷ್ಟು ನಿಮಿಷ ಕಳೆದುಕೊಂಡನೆಂಬ ಲೆಕ್ಕ ನಮ್ಮ ಮೈಯಲ್ಲೇ ನಡೆಯುತ್ತಿರುತ್ತದೆ. ಗುಂಡು ಹಾರದೆಯೂ ಎದೆ ಬಿಗಿಹಿಡಿಸುವ ಕೆಲಸವನ್ನು ಈ ಏರ್ಪಾಡು ಮಾಡುತ್ತದೆ.

ಇನ್ನು ಆ ಅಲೆದಾಟ. ನಿರ್ದೇಶಕ ಫ್ರೆಡ್ ಜಿನ್ನೆಮನ್ ಮತ್ತು ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್ ಇಬ್ಬರೂ ಊರಿನವರನ್ನು ಬರಿಯ ಹೇಡಿಗಳ ಗುಂಪಾಗಿ ತೋರಿಸುವುದಿಲ್ಲ. ಪ್ರತಿಯೊಬ್ಬನಿಗೂ ಒಂದು ಕಾರಣವಿದೆ, ಮತ್ತು ಆ ಕಾರಣಗಳಲ್ಲಿ ಹಲವು ನ್ಯಾಯವೆಂದೇ ತೋರುತ್ತವೆ. ಕೇನ್‌ನ ಮದುವೆ ಮಾಡಿಸಿದ ನ್ಯಾಯಾಧೀಶ ಧ್ವಜವನ್ನೂ ತಕ್ಕಡಿಯನ್ನೂ ಕಟ್ಟಿಕೊಂಡು ಊರು ಬಿಡುತ್ತಾನೆ, ಹೋಗುವ ಮೊದಲು ಇತಿಹಾಸದಿಂದ ನಿದರ್ಶನ ಕೊಡುವುದನ್ನೂ ಮರೆಯುವುದಿಲ್ಲ. ಸಹಾಯಕ ಹಾರ್ವಿಗೆ ಮುಂದಿನ ಮಾರ್ಷಲ್ ಹುದ್ದೆ ಬೇಕು. ಅದರ ಭರವಸೆ ಸಿಕ್ಕಿದರೆ ಮಾತ್ರ ಜೊತೆಗಿರುತ್ತೇನೆ ಎನ್ನುತ್ತಾನೆ, ಕೇನ್ ಆ ವ್ಯಾಪಾರಕ್ಕೆ ಒಪ್ಪುವುದಿಲ್ಲ. ಗೆಳೆಯನೊಬ್ಬ ಒಳಗೆ ಅಡಗಿ, ಮನೆಯಲ್ಲಿಲ್ಲವೆಂದು ಹೆಂಡತಿಯಿಂದ ಹೇಳಿಸುತ್ತಾನೆ. ಕೇನ್ ಗುರುವಿನಂತೆ ಕಂಡ ಹಳೆಯ ಮಾರ್ಷಲ್‌ನ ಬೆರಳುಗಳು ಸಂಧಿವಾತದಿಂದ ಸೆಟೆದಿವೆ. ಹೋಟೆಲಿನ ಗುಮಾಸ್ತನಂತೂ ಮಿಲ್ಲರ್ ಇದ್ದ ಕಾಲದಲ್ಲಿ ವ್ಯಾಪಾರ ಚೆನ್ನಾಗಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ತಾನಾಗಿಯೇ ಮುಂದೆ ಬಂದಿದ್ದ ಒಬ್ಬನು, ಬೇರೆ ಯಾರೂ ಬರುವುದಿಲ್ಲವೆಂದು ತಿಳಿದಕೂಡಲೇ, ಹೆಂಡತಿ ಮಕ್ಕಳ ಹೆಸರು ಹೇಳಿ ಹಿಂದೆ ಸರಿಯುತ್ತಾನೆ. ಈ ಕೊನೆಯವನನ್ನು ನಾನು ಬೈಯಲಾರೆ.

ಇವೆಲ್ಲಕ್ಕಿಂತ ಆಳವಾದದ್ದು ಚರ್ಚಿನ ದೃಶ್ಯ. ಇಡೀ ಚಿತ್ರದಲ್ಲಿ ನನಗೆ ಅತಿ ಮುಖ್ಯವೆನಿಸುವುದೂ ಅದೇ. ಪ್ರಾರ್ಥನೆಯ ನಡುವೆ ಕೇನ್ ಒಳಗೆ ಬಂದು ನೆರವು ಕೇಳಿದಾಗ ಕೆಲವರು ತಕ್ಷಣ ಎದ್ದು ನಿಲ್ಲುತ್ತಾರೆ. ಆಗ ಒಬ್ಬನು, ಇದು ಮಾರ್ಷಲ್‌ಗೂ ಮಿಲ್ಲರ್‌ಗೂ ನಡುವಿನ ಸ್ವಂತ ಜಗಳವಲ್ಲವೇ ಎಂದು ತಡೆಯುತ್ತಾನೆ. ಮಕ್ಕಳನ್ನು ಹೊರಗೆ ಕಳಿಸಿ ಎಲ್ಲರೂ ಕ್ರಮಬದ್ಧವಾಗಿ ಚರ್ಚೆಗೆ ಕೂರುತ್ತಾರೆ. ತೆರಿಗೆ ಕೊಟ್ಟು ಮಾರ್ಷಲ್‌ನನ್ನು ಇಟ್ಟುಕೊಂಡಿರುವಾಗ ಇದು ನಮ್ಮ ಕೆಲಸ ಹೇಗಾಗುತ್ತದೆ ಎಂದು ಒಬ್ಬನ ವಾದ. ಮಿಲ್ಲರ್‌ನನ್ನು ಬಿಡುಗಡೆ ಮಾಡಿದ ಉತ್ತರದ ರಾಜಕಾರಣಿಗಳನ್ನು ಕೇಳಿ ಎಂದು ಇನ್ನೊಬ್ಬನದು. ಕೊಲ್ಲಬಾರದೆಂಬ ದೈವಾಜ್ಞೆಯನ್ನು ಬೋಧಿಸುವ ಪಾದ್ರಿಗೆ, ಹೋಗಿ ಹೋರಾಡಿ ಎನ್ನುವುದೂ ಆಗದು, ಬೇಡವೆನ್ನುವುದೂ ಆಗದು. ಒಬ್ಬ ಹೆಂಗಸು ಎದ್ದುನಿಂತು ಎಲ್ಲರಿಗೂ ನಾಚಿಕೆಯಾಗುವಂತೆ ಮಾತಾಡುತ್ತಾಳೆ. ಕೊನೆಗೆ ಕೇನ್‌ನ ಹಿತೈಷಿಯೇ ಆದ ಮೇಯರ್ ಹೆಂಡರ್‌ಸನ್ ಮಾತಿಗೆ ನಿಲ್ಲುತ್ತಾನೆ. ಥಾಮಸ್ ಮಿಚೆಲ್ ಈ ಭಾಷಣವನ್ನು ನಿರ್ವಹಿಸಿರುವ ರೀತಿ ಅಸಾಧಾರಣವಾದುದು. ಈ ಊರು ಇವನಿಗೆ ಋಣಿ, ಇವನಂತಹ ಮಾರ್ಷಲ್ ನಮಗೆ ಸಿಕ್ಕಿರಲಿಲ್ಲ, ಮಿಲ್ಲರ್ ನಮ್ಮೆಲ್ಲರ ಸಮಸ್ಯೆ ಎಂದು ಅವನು ಆರಂಭಿಸಿದಾಗ ಇನ್ನೇನು ಎಲ್ಲರೂ ಎದ್ದು ಬಂದರು ಎಂದು ನಾವು ನಂಬಿಬಿಡುತ್ತೇವೆ. ಆದರೆ ಅದೇ ಮೃದುವಾದ ದನಿಯಲ್ಲಿ, ಉತ್ತರದ ಹಣವಂತರು ಇಲ್ಲಿ ಅಂಗಡಿ ಕಾರ್ಖಾನೆಗಳನ್ನು ತೆರೆಯಲು ಯೋಚಿಸುತ್ತಿದ್ದಾರೆ, ಬೀದಿಯಲ್ಲಿ ಹೆಣ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂದರೆ ಊರು ಹಿಂದಕ್ಕೆ ಹೋಗುತ್ತದೆ, ಆದ್ದರಿಂದ ಕೇನ್ ಊರು ಬಿಡುವುದೇ ಅವನಿಗೂ ನಮಗೂ ಒಳಿತು ಎಂದು ಮುಗಿಸುತ್ತಾನೆ. ಹೊಗಳಿಕೆಯಿಂದಲೇ ಒಬ್ಬ ಮನುಷ್ಯನನ್ನು ಕೈಬಿಡುವ ಇಂತಹ ಇನ್ನೊಂದು ದೃಶ್ಯವನ್ನು ನಾನು ಸಿನಿಮಾದಲ್ಲಿ ಕಂಡಿಲ್ಲ. ಕಚೇರಿ, ಸಂಘ, ಬಡಾವಣೆ, ಎಲ್ಲಿಯ ಸಭೆಯಲ್ಲಿ ಕುಳಿತವರಿಗೂ ಈ ಭಾಷಣದ ಧಾಟಿ ಪರಿಚಿತ.

ಫೋರ್‌ಮನ್‌ಗೆ ಈ ಧಾಟಿ ಸ್ವಂತ ಅನುಭವದಿಂದ ಗೊತ್ತಿತ್ತು. ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸದೀಯ ಸಮಿತಿ, ಚಿತ್ರೀಕರಣ ನಡೆಯುತ್ತಿದ್ದ 1951ರ ಸೆಪ್ಟೆಂಬರ್‌ನಲ್ಲೇ ಅವನನ್ನು ವಿಚಾರಣೆಗೆ ಒಳಪಡಿಸಿತು. ಹಿಂದೊಮ್ಮೆ ಆ ಪಕ್ಷದಲ್ಲಿದ್ದ ಅವನು ಇತರರ ಹೆಸರು ಹೇಳಲು ಒಪ್ಪಲಿಲ್ಲ. ನಿರ್ಮಾಪಕ ಸ್ಟ್ಯಾನ್ಲಿ ಕ್ರೇಮರ್ ಜೊತೆಗಿನ ಪಾಲುದಾರಿಕೆ ಮುರಿಯಿತು, ಹಾಲಿವುಡ್‌ನ ಕಪ್ಪುಪಟ್ಟಿಗೆ ಸೇರಿ ಅವನು ಇಂಗ್ಲೆಂಡಿಗೆ ಹೋಗಬೇಕಾಯಿತು. ಆದರೆ ಚಿತ್ರವನ್ನು ಈ ಒಂದು ಅರ್ಥಕ್ಕೆ ಕಟ್ಟಿಹಾಕುವುದು ಸರಿಯಲ್ಲ. ಕೇನ್ ಪಾತ್ರ ಮಾಡಿದ ಗ್ಯಾರಿ ಕೂಪರ್ ಸಂಪ್ರದಾಯವಾದಿ. 1947ರಲ್ಲಿ ಅದೇ ಸಮಿತಿಯ ಮುಂದೆ ಅದರ ಪರವಾಗಿ ನಿಂತು ಸಾಕ್ಷ್ಯ ಹೇಳಿದ್ದವನು. ಹಾಗಿದ್ದೂ ಫೋರ್‌ಮನ್‌ನನ್ನು ಅವನು ದೂರ ಮಾಡಲಿಲ್ಲ. ಮುಂದೆ ಐಸೆನ್‌ಹೋವರ್ ಮತ್ತು ಕ್ಲಿಂಟನ್‌ರಂತಹ ಬೇರೆ ಬೇರೆ ಪಕ್ಷಗಳ ಅಧ್ಯಕ್ಷರು ಇದನ್ನು ಮೆಚ್ಚಿದರು. 1989ರ ಜೂನ್ 4ರ ಪೋಲೆಂಡ್ ಚುನಾವಣೆಗೆ, ಅಲ್ಲಿನ ಕಮ್ಯುನಿಸ್ಟ್ ಆಡಳಿತವನ್ನು ಎದುರಿಸಿದ ಸಾಲಿಡಾರಿಟಿ ಚಳವಳಿಯ ಭಿತ್ತಿಪತ್ರದಲ್ಲಿ ಇದೇ ಕೂಪರ್, ಕೈಯಲ್ಲಿ ಪಿಸ್ತೂಲಿನ ಬದಲು ಮತಪತ್ರ ಹಿಡಿದು ನಡೆದು ಬಂದ. ಎಲ್ಲರೂ ತಮ್ಮನ್ನು ಕೇನ್ ಎಂದುಕೊಳ್ಳುತ್ತಾರೆ. ಚಿತ್ರವಾದರೋ ನಮ್ಮನ್ನು ಚರ್ಚಿನ ಬೆಂಚಿನ ಮೇಲೆ ಕೂರಿಸುತ್ತದೆ. ಈ ಎಳೆದಾಟದಿಂದಲೇ ಪ್ರತಿ ತಲೆಮಾರೂ ಅದನ್ನು ಹೊಸದಾಗಿ ನೋಡುತ್ತದೆ ಎಂದು ನಾನು ನಂಬಿದ್ದೇನೆ.

ವಿರೋಧಿಸಿದವರೂ ಇದ್ದರು. ಒಳ್ಳೆಯ ಮಾರ್ಷಲ್ ಹೀಗೆ ನೆರವು ಕೇಳುತ್ತಾ ತಿರುಗುವುದಿಲ್ಲ ಎಂದು ನಿರ್ದೇಶಕ ಹೊವಾರ್ಡ್ ಹಾಕ್ಸ್ 1959ರಲ್ಲಿ 'ರಿಯೊ ಬ್ರಾವೊ' ಚಿತ್ರವನ್ನು ಉತ್ತರವಾಗಿ ತೆಗೆದ. ಅದರ ನಾಯಕ ಜಾನ್ ವೇನ್‌ಗೂ 'ಹೈ ನೂನ್' ಅಮೆರಿಕಕ್ಕೆ ಸಲ್ಲದ ಚಿತ್ರವೆನಿಸಿತ್ತು. 'ರಿಯೊ ಬ್ರಾವೊ' ಸೊಗಸಾದ ಚಿತ್ರ, ಆದರೆ ಅವರ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ಐದು ವರ್ಷಗಳ ಹಿಂದೆಯೂ ಕೇನ್ ಒಬ್ಬನೇ ಮಿಲ್ಲರ್‌ನನ್ನು ಹಿಡಿದಿರಲಿಲ್ಲ, ಗಟ್ಟಿಗರಾದ ಸಹಾಯಕರು ಜೊತೆಗಿದ್ದರೆಂದು ಚಿತ್ರವೇ ಹೇಳುತ್ತದೆ. ಊರಿನ ಕಾನೂನನ್ನು ಕಾಯಲು ಊರನ್ನು ಕರೆಯುವುದರಲ್ಲಿ ಕುಂದೇನಿದೆ?

ಕೂಪರ್‌ಗೆ ಆಗ 50 ವರ್ಷ. ಹೊಟ್ಟೆಯ ಹುಣ್ಣೂ ಬೆನ್ನುನೋವೂ ಕಾಡುತ್ತಿದ್ದವು. ಅವನ ಮುಖದ ಗೆರೆಗಳನ್ನು ಛಾಯಾಗ್ರಾಹಕ ಫ್ಲಾಯ್ಡ್ ಕ್ರಾಸ್ಬಿ ಮರೆಮಾಚಲಿಲ್ಲ. ಮೋಡಗಳಿಲ್ಲದ ಬಿಳಿಚಿದ ಆಕಾಶದ ಕೆಳಗೆ, ಹಳೆಯ ಯುದ್ಧಕಾಲದ ಛಾಯಾಚಿತ್ರಗಳಂತೆ, ಎಲ್ಲವೂ ಒರಟಾಗಿ ಕಾಣುತ್ತದೆ. ಈ ನಾಯಕ ಹೆದರುತ್ತಾನೆ, ಉಯಿಲು ಬರೆಯುತ್ತಾನೆ, ಲಾಯದಲ್ಲಿ ಕುದುರೆಯ ಮುಂದೆ ನಿಂತು ಓಡಿಹೋಗುವ ಯೋಚನೆಯನ್ನೂ ಮಾಡುತ್ತಾನೆ. ಆ ವರ್ಷದ ಶ್ರೇಷ್ಠ ನಟ ಆಸ್ಕರ್ ಸೇರಿ ಚಿತ್ರಕ್ಕೆ ಬಂದ ನಾಲ್ಕು ಆಸ್ಕರ್‌ಗಳಲ್ಲಿ ಸಂಕಲನದ್ದೂ ಒಂದು. ರೈಲು ಬರುವ ಹೊತ್ತಿಗೆ ಗಡಿಯಾರದ ಲೋಲಕದ ತಾಳಕ್ಕೆ ಊರಿನವರ ಮುಖಗಳು ಒಂದಾದ ಮೇಲೊಂದು ಬರುವ ಭಾಗಕ್ಕಾಗಿಯೇ ಅದು ಸಲ್ಲಬೇಕಿತ್ತು.

ಇಷ್ಟಾದರೂ ಕೊರತೆಗಳಿವೆ. ಮಿಲ್ಲರ್ ಬಂದ ಮೇಲೆ ಅವನಲ್ಲಿ ಅಂತಹ ವಿಶೇಷವೇನೂ ಕಾಣುವುದಿಲ್ಲ, ಕೊನೆಯ ಕಾಳಗವೂ ಸಾಧಾರಣ. ಅದರಲ್ಲಿ ನನ್ನನ್ನು ಹಿಡಿದಿಡುವುದು ಗ್ರೇಸ್ ಕೆಲ್ಲಿಯ ಆಮಿ ಮಾತ್ರ: ತಂದೆಯೂ ಸಹೋದರನೂ ಗುಂಡಿಗೆ ಬಲಿಯಾದ ಮೇಲೆ ಅಹಿಂಸೆಯ ಕ್ವೇಕರ್ ಪಂಥ ಸೇರಿದವಳು, ಗಂಡನನ್ನು ಉಳಿಸಲು ತಾನೇ ಗುಂಡು ಹಾರಿಸಬೇಕಾಗುತ್ತದೆ. ಅವಳ ಮನಸ್ಸನ್ನು ಅಲುಗಾಡಿಸಿದ್ದು ಹೆಲೆನ್ ರಮಿರೆಜ್, ಕೇನ್‌ನ ಹಳೆಯ ಪ್ರಿಯತಮೆ, ಊರಿನ ತಿರಸ್ಕಾರವನ್ನು ಉಂಡ ಮೆಕ್ಸಿಕನ್ ಹೆಂಗಸು. ಅವನು ನನ್ನವನಾಗಿದ್ದರೆ ಬಂದೂಕು ಹಿಡಿದು ಹೋರಾಡುತ್ತಿದ್ದೆ ಎಂದು ಅವಳು ಆಮಿಗೆ ಹೇಳುವ ಹೋಟೆಲಿನ ದೃಶ್ಯವನ್ನೂ, ಅದರಲ್ಲಿನ ಕೇಟಿ ಹುರಾಡೊ ಅವರ ಅಭಿನಯವನ್ನೂ ನೀವು ಇನ್ನೊಮ್ಮೆ ನೋಡಬೇಕೆಂದು ನನ್ನ ಕೋರಿಕೆ.