ಬದಲಿಸಿದ ಹೆಡ್ ಗ್ಯಾಸ್ಕೆಟ್ ಮತ್ತೆ ಸೋರುತ್ತಿದ್ದರೆ ವಾರಂಟಿಯಲ್ಲಿ ಏನನ್ನು ಕೇಳಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಸೇಡಂನಲ್ಲಿರುವ ನಿಮ್ಮ ಏರ್‌ಕೂಲ್ಡ್ 160 ಸಿಸಿ ಬೈಕಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಸಿಲಿಂಡರಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸಂದಿಯಿಂದ ಆಯಿಲ್ ಜಿನುಗತೊಡಗಿದಾಗ ಕಲಬುರಗಿಯ ಅಧಿಕೃತ ಸರ್ವಿಸ್ ಸೆಂಟರಿನವರು ಆ ಸಂದಿಯನ್ನು ಮುಚ್ಚುವ ತೆಳು ಹಾಳೆಯಾದ ಹೆಡ್ ಗ್ಯಾಸ್ಕೆಟನ್ನು ವಾರಂಟಿಯಲ್ಲೇ ಬದಲಿಸಿಕೊಟ್ಟರು. ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಸೋರಿಕೆ ಕಾಣಿಸಿದೆ, ಈಗ ಅವರೇ “ಗ್ಯಾಸ್ಕೆಟ್ ವಾರಂಟಿಯಲ್ಲಿ ಬರುವುದಿಲ್ಲ” ಎನ್ನುತ್ತಿದ್ದಾರೆ. ದುಡ್ಡು ಕೊಟ್ಟು ಅಲ್ಲೇ ಮಾಡಿಸಬೇಕೇ, ಹೊರಗಿನ ಮಿಸ್ತ್ರಿಗೆ ಕೊಡಬೇಕೇ, ಇಲ್ಲವೇ ದೂರು ಕೊಡಬೇಕೇ ಎಂದು ಕೇಳಿದ್ದೀರಿ.

ಕಲಬುರಗಿಯ ಒಂದು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ನಾನು ಕೆಲವು ವರ್ಷ ಸರ್ವಿಸ್ ಅಡ್ವೈಸರ್ ಆಗಿ ಕೌಂಟರಿನ ಆಚೆ ಕುಳಿತವನು. ಆ ಅನುಭವದ ಮೇಲೆ ಹೇಳುವುದಾದರೆ, ಗ್ಯಾಸ್ಕೆಟ್ ವಾರಂಟಿಯಲ್ಲಿ ಬರುತ್ತದೆಯೋ ಇಲ್ಲವೋ ಎಂಬ ವಾದಕ್ಕೆ ನೀವು ಇಳಿಯಲೇಬಾರದು. ಆ ವಾದದಲ್ಲಿ ಅವರ ಕೈಯಲ್ಲಿ ವಾರಂಟಿ ಪುಸ್ತಕವಿರುತ್ತದೆ, ಕೆಲವು ಕಂಪನಿಗಳ ಪುಸ್ತಕದಲ್ಲಿ ಗ್ಯಾಸ್ಕೆಟ್, ಆಯಿಲ್ ಸೀಲ್, ರಬ್ಬರ್ ಭಾಗಗಳನ್ನು ಸವೆಯುವ ವಸ್ತುಗಳ ಪಟ್ಟಿಗೆ ಸೇರಿಸಿಯೂ ಇರುತ್ತಾರೆ. ನೀವು ಕೇಳಬೇಕಾದದ್ದು ಬೇರೆ: ಹೊಸದಾಗಿ ಕೂರಿಸಿದ ಗ್ಯಾಸ್ಕೆಟ್ ಇಷ್ಟು ಬೇಗ ಏಕೆ ಹೋಯಿತು? ಅದಕ್ಕೆ ಕಾರಣವಾದ ಭಾಗ ಯಾವುದು, ಆ ಭಾಗ ವಾರಂಟಿಯಲ್ಲಿದೆಯೇ?

ಹೆಡ್ ಗ್ಯಾಸ್ಕೆಟ್ ತಾನಾಗಿಯೇ ಕೆಡುವುದು ಅಪರೂಪ. ಈಗಿನ ಬೈಕುಗಳಲ್ಲಿ ಅದು ಹೆಚ್ಚಾಗಿ ತೆಳುವಾದ ಉಕ್ಕಿನ ಪದರಗಳದ್ದು. ಎರಡು ಸಮತಟ್ಟಾದ ಮೇಲ್ಮೈಗಳ ನಡುವೆ ಸರಿಯಾದ ಬಿಗಿತದಲ್ಲಿ ಕೂತರೆ ಎಂಜಿನ್ ಬಾಳುವಷ್ಟು ಕಾಲ ಅದೂ ಬಾಳಬೇಕು. ಕುಕ್ಕರಿನ ಮುಚ್ಚಳವೇ ಸೊಟ್ಟಗಾಗಿದ್ದರೆ ಎಷ್ಟು ಸಲ ಹೊಸ ರಬ್ಬರ್ ಹಾಕಿದರೂ ಆವಿ ಹೊರಗೆ ಹೋಗುವುದು ತಪ್ಪುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಹೆಡ್ಡಿನ ಅಡಿಭಾಗ ಅಥವಾ ಸಿಲಿಂಡರಿನ ಮೇಲ್ಭಾಗ ಕೂದಲೆಳೆಯಷ್ಟು ಬಾಗಿರಬಹುದು. ಹಳೆಯ ಗ್ಯಾಸ್ಕೆಟಿನ ಚೂರುಗಳನ್ನು ಕೆರೆದು ತೆಗೆಯುವಾಗ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದಿರಬಹುದು. ಬೋಲ್ಟುಗಳನ್ನು ಬಿಗಿತ ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ, ಅದೂ ಎದುರುಬದುರು ಮೂಲೆಗಳ ಕ್ರಮ ಬಿಟ್ಟು ಒಂದು ಬದಿಯಿಂದ ಬಿಗಿದಿರಬಹುದು. ಹೆಡ್ಡನ್ನು ಹಿಡಿದಿಡುವ ಒಂದು ಸ್ಟಡ್ಡಿನ ಥ್ರೆಡ್ ಸಡಿಲವಾಗಿ ಆ ಮೂಲೆಯಲ್ಲಿ ಮಾತ್ರ ಒತ್ತಡ ಸಾಲದೆ ಇರಬಹುದು. ಬಿಚ್ಚಿದ ಹಳೆಯ ಗ್ಯಾಸ್ಕೆಟನ್ನೇ ಒರೆಸಿ ಮತ್ತೆ ಹಾಕಿದ್ದರೂ ಫಲ ಇದೇ. ಒಮ್ಮೆ ಒತ್ತಿಹೋದ ಗ್ಯಾಸ್ಕೆಟ್ ಎರಡನೆಯ ಸಲ ಅದೇ ರೀತಿ ಕೂರುವುದಿಲ್ಲ.

ಇವುಗಳಲ್ಲಿ ಯಾವುದೇ ಒಂದು ಕಾರಣ ನಿಜವಾಗಿದ್ದರೂ ತಪ್ಪು ಒಂದೋ ತಯಾರಿಕೆಯದ್ದು, ಇಲ್ಲವೇ ಹಿಂದಿನ ರಿಪೇರಿಯದ್ದು. ಹೆಡ್ಡು, ಸಿಲಿಂಡರ್, ಸ್ಟಡ್ಡು ಇವು ಎಂಜಿನ್ನಿನ ಮುಖ್ಯ ಅಂಗಗಳು, ಸವೆಯುವ ವಸ್ತುಗಳ ಪಟ್ಟಿಯಲ್ಲಿ ಅವುಗಳಿಗೆ ಜಾಗವಿಲ್ಲ. ಅವುಗಳ ದೋಷವನ್ನು ಸರಿಪಡಿಸಲು ಬೇಕಾಗುವ ಗ್ಯಾಸ್ಕೆಟನ್ನು ಆ ರಿಪೇರಿಯ ಅಂಗವಾಗಿಯೇ ಹಾಕಿಕೊಡುವುದು ವಾಡಿಕೆ.

ಆದರೆ ಸರ್ವಿಸ್ ಸೆಂಟರಿಗೆ ಹೋಗುವ ಮೊದಲು ಸೋರಿಕೆ ನಿಜವಾಗಿಯೂ ಹೆಡ್ ಗ್ಯಾಸ್ಕೆಟಿನದೇ ಎಂಬುದನ್ನು ನೀವೇ ಖಚಿತಪಡಿಸಿಕೊಳ್ಳಿ. ನಮ್ಮ ಭಾಗದಲ್ಲಿ ಇದು ತೋರುವಷ್ಟು ಸುಲಭವಲ್ಲ, ಏಕೆಂದರೆ ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಧೂಳಾಗಲಿ ಶಹಾಬಾದ್ ಕಲ್ಲಿನ ಪಾಲಿಶ್ ಧೂಳಾಗಲಿ ಆಯಿಲಿನ ಜೊತೆ ಸೇರಿ ಸಿಲಿಂಡರಿನ ರೆಕ್ಕೆಗಳ ಮೇಲೆ ಗಟ್ಟಿ ಮಡ್ಡಿಯಾಗಿ ಕೂತುಬಿಡುತ್ತದೆ, ಎಲ್ಲಿಂದ ಬಂತು ಎಂಬ ಗುರುತೇ ಉಳಿಯುವುದಿಲ್ಲ. ಓಡುವಾಗ ಗಾಳಿಯ ರಭಸಕ್ಕೆ ಆಯಿಲ್ ಹಿಂದಕ್ಕೂ ಕೆಳಕ್ಕೂ ಹರಡುವುದರಿಂದ, ಹೆಡ್ಡಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ರಬ್ಬರಿನಿಂದ ಇಳಿದ ಆಯಿಲ್ ಹೆಡ್ ಗ್ಯಾಸ್ಕೆಟಿನ ಸಂದಿಯಲ್ಲಿ ನಿಂತು ಅಲ್ಲಿಂದಲೇ ಹುಟ್ಟಿದಂತೆ ಕಾಣುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಸೀಮೆಎಣ್ಣೆ ಅಥವಾ ಡಿಗ್ರೀಸರ್ ಹಚ್ಚಿ, ಬ್ರಷ್ಷಿನಿಂದ ತಿಕ್ಕಿ, ತೊಳೆದು ಒಣಗಿಸಿ, ಆ ಭಾಗಕ್ಕೆಲ್ಲ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿರಿ. ಆಮೇಲೆ ಎಂಜಿನ್ ಬಿಸಿಯೇರುವವರೆಗೆ ನಿಧಾನವಾಗಿ ಓಡಿಸಿ ನಿಲ್ಲಿಸಿ ನೋಡಿರಿ. ಪೌಡರ್ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೂ ಮುಂದಿನದೂ ಆದ ಬಿಂದುವೇ ಸೋರಿಕೆಯ ಮೂಲ. ತೊಳೆಯುವ ಮುಂಚೆ, ಪೌಡರ್ ಹಾಕಿದ ಮೇಲೆ, ಓಡಿಸಿ ಬಂದ ಮೇಲೆ ಎಂದು ಮೂರು ಹಂತದಲ್ಲೂ ಫೋಟೊ ತೆಗೆದಿಟ್ಟುಕೊಳ್ಳಿ. ಕೊನೆಯ ಫೋಟೊದಲ್ಲಿ ಓಡೋಮೀಟರೂ ಕಾಣುವಂತಿರಲಿ.

ಮೂಲವು ಕೆಳಗೆ, ಸಿಲಿಂಡರ್ ಮತ್ತು ಎಂಜಿನ್ನಿನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸ್ ಸೇರುವಲ್ಲಿದ್ದರೆ ಮೊದಲು ಆಯಿಲ್ ಮಟ್ಟವನ್ನೂ ಒಳಗಿನ ಒತ್ತಡವನ್ನು ಹೊರಬಿಡುವ ಬ್ರೀದರ್ ಪೈಪನ್ನೂ ನೋಡಬೇಕು. ಆಯಿಲ್ ಅಳತೆ ಮೀರಿದ್ದರೆ ಅಥವಾ ಏರ್‌ಬಾಕ್ಸಿಗೆ ಹೋಗುವ ಆ ಪೈಪು ಮಡಚಿ ಇಲ್ಲವೇ ಕಟ್ಟಿಕೊಂಡು ಕುಳಿತಿದ್ದರೆ ಒಳಗಿನ ಒತ್ತಡ ಏರಿ ಆಯಿಲ್ ಸಿಕ್ಕ ಸಂದಿಯಲ್ಲಿ ಹೊರಬರುತ್ತದೆ. ಇದು ಪುಕ್ಕಟೆಯಾಗಿ ಪರೀಕ್ಷಿಸಬಹುದಾದ ಸಂಗತಿ, ಆದರೂ ಎಂಜಿನ್ ಬಿಚ್ಚುವ ಆತುರದಲ್ಲಿ ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಹೆಡ್ ಗ್ಯಾಸ್ಕೆಟೇ ಒಡೆದಿದ್ದರೆ ಆಯಿಲಿನ ಜೊತೆಗೆ ಬೇರೆ ಲಕ್ಷಣಗಳೂ ಇರಬಹುದು: ಥ್ರಾಟಲ್ ತಿರುಗಿಸಿದಾಗ ಸಂದಿಯಿಂದ ಚಸ್ ಚಸ್ ಎಂಬ ಸದ್ದು, ಕಿಕ್ ಹೊಡೆದರೆ ಮೊದಲಿನಷ್ಟು ಎದುರೊತ್ತು ಸಿಗದಿರುವುದು, ಏರಿನಲ್ಲಿ ಎಳೆತ ಕಡಿಮೆಯಾಗುವುದು. ಇವು ಕಂಡರೆ ಗಾಡಿಯನ್ನು ಓಡಿಸಬೇಡಿ, ಕಲಬುರಗಿಗೂ ಟೆಂಪೊದಲ್ಲೇ ಹಾಕಿಕೊಂಡು ಹೋಗಿ. ಬಿಸಿ ಅನಿಲ ಹಾದುಹೋದಂತೆಲ್ಲ ಲೋಹ ಕೊರೆದುಹೋಗುತ್ತದೆ, ಆಮೇಲೆ ಹೆಡ್ಡೇ ಬದಲಿಸಬೇಕಾದೀತು. ಬರಿಯ ಜಿನುಗು ಮಾತ್ರವಿದ್ದು ಆಯಿಲ್ ಮಟ್ಟ ಗುರುತಿನೊಳಗಿದ್ದರೆ ಹತ್ತಿರದ ಓಡಾಟಕ್ಕೆ ತೊಂದರೆಯಿಲ್ಲ, ಆದರೆ ಹಿಂದಿನ ಟಯರಿಗೆ ಆಯಿಲ್ ಸಿಡಿಯುತ್ತಿಲ್ಲ ಎಂಬುದನ್ನು ದಿನವೂ ನೋಡಿಕೊಳ್ಳಿ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಅದು ಹೆಚ್ಚಾಗಿ ಪಿಸ್ಟನ್ ರಿಂಗು ಅಥವಾ ವಾಲ್ವ್ ಸೀಲಿನ ಕಥೆ. ಅದನ್ನು ಇದರೊಂದಿಗೆ ಬೆರೆಸದೆ ಪ್ರತ್ಯೇಕ ದೂರಾಗಿ ಬರೆಸಿ.

ಈಗ ಸರ್ವಿಸ್ ಸೆಂಟರಿನ ವಿಷಯಕ್ಕೆ ಬರೋಣ. ಅಲ್ಲಿ ನಿಮ್ಮ ಕೈಯಲ್ಲಿರುವ ಒಂದೇ ಆಯುಧ ಜಾಬ್ ಕಾರ್ಡ್, ಅಂದರೆ ಗಾಡಿ ಒಪ್ಪಿಸುವಾಗ ನಿಮ್ಮ ದೂರನ್ನು ಬರೆದುಕೊಳ್ಳುವ ಕಾಗದ. ಅಡ್ವೈಸರ್ ತನ್ನ ಅಭ್ಯಾಸದಂತೆ “ಆಯಿಲ್ ಲೀಕ್ ಚೆಕ್” ಎಂದು ಮೂರು ಪದ ಬರೆದು ಮುಗಿಸುತ್ತಾನೆ. ನಾನೂ ಹಾಗೆಯೇ ಬರೆಯುತ್ತಿದ್ದೆ, ಏಕೆಂದರೆ ಬೆಳಗಿನ ಗದ್ದಲದಲ್ಲಿ ಅಷ್ಟೇ ಸಾಧ್ಯವಾಗುತ್ತಿತ್ತು. ನೀವು ಸೋಮವಾರವನ್ನೂ ಹಬ್ಬದ ಹಿಂದುಮುಂದಿನ ದಿನಗಳನ್ನೂ ಬಿಟ್ಟು ಹೋಗಿ, ನಿಮ್ಮ ಮಾತಿನಲ್ಲೇ ಹೀಗೆ ಬರೆಸಿ: ಇಂಥ ತಾರೀಖಿನ ಜಾಬ್ ಕಾರ್ಡಿನಂತೆ ಹೆಡ್ ಗ್ಯಾಸ್ಕೆಟ್ ಬದಲಿಸಲಾಗಿದೆ, ಅದೇ ಸ್ಥಳದಲ್ಲಿ ಸೋರಿಕೆ ಮರುಕಳಿಸಿದೆ, ಹೆಡ್ ಮತ್ತು ಸಿಲಿಂಡರಿನ ಸಮತಟ್ಟನ್ನು ಅಳೆದು ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಓಡೋಮೀಟರ್ ಅಂಕಿ, ತಾರೀಖು, ಸಹಿ ಇರುವ ಪ್ರತಿಯನ್ನು ಪಡೆಯದೆ ಗಾಡಿಯ ಕೀ ಕೊಡಬೇಡಿ. “ಏನೂ ಆಗಲ್ರೀ, ಇಟ್ ಜಿನಗ್ತದ, ಓಡಸ್ರಿ” ಎಂದು ಸಮಾಧಾನ ಹೇಳಿ ಕಾರ್ಡೇ ತೆರೆಯದೆ ಕಳಿಸುವವರೂ ಇದ್ದಾರೆ. ಆ ಸಮಾಧಾನದಿಂದ ನಿಮಗೆ ಆಗುವ ನಷ್ಟ ದೊಡ್ಡದು, ಏಕೆಂದರೆ ವಾರಂಟಿ ಅವಧಿಯೊಳಗೆ ದೂರು ಕೊಟ್ಟಿದ್ದಕ್ಕೆ ಯಾವ ದಾಖಲೆಯೂ ಉಳಿಯುವುದಿಲ್ಲ.

ಸಮತಟ್ಟು ಅಳೆಯುವುದು ದೊಡ್ಡ ವಿದ್ಯೆಯೇನಲ್ಲ. ಶುದ್ಧಗೊಳಿಸಿದ ಹೆಡ್ಡಿನ ಮೇಲೆ ನೇರ ಅಂಚಿನ ಉಕ್ಕಿನ ಪಟ್ಟಿಯನ್ನು ಅಡ್ಡಲಾಗಿಯೂ ಕರ್ಣಗಳಲ್ಲಿಯೂ ಇಟ್ಟು ಅದರಡಿ ಫೀಲರ್ ಗೇಜಿನ ತೆಳು ಹಾಳೆ ತೂರುತ್ತದೆಯೇ ಎಂದು ನೋಡುತ್ತಾರೆ. ಸಣ್ಣ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 0.05 ಮಿ.ಮೀ. ಆಸುಪಾಸಿಗೆ ಮಿತಿ ಮುಗಿಯುತ್ತದೆ. ನಿಮ್ಮ ಮಾಡೆಲಿನ ನಿಖರ ಅಂಕಿಯೂ ಬೋಲ್ಟುಗಳ ಟಾರ್ಕ್ ಅಂಕಿಯೂ ಕಂಪನಿಯ ಸರ್ವಿಸ್ ಮ್ಯಾನ್ಯುಯಲಿನಲ್ಲಿರುತ್ತವೆ. ಹೆಡ್ ಬಿಚ್ಚುವಾಗ ಎದುರಿಗಿರಲು ಅವಕಾಶ ಕೇಳಿ. ಒಳಗೆ ಬಿಡುವುದಿಲ್ಲವೆಂದರೆ ಬಿಚ್ಚಿದ ಭಾಗಗಳ ಫೋಟೊವನ್ನಾದರೂ ಕೇಳಿ, ಏಕೆಂದರೆ ದೊಡ್ಡ ಕ್ಲೇಮುಗಳಿಗೆ ಅವರು ಕಂಪನಿಗೆ ಹೇಗೂ ಫೋಟೊ ಕಳಿಸಲೇಬೇಕಾಗುತ್ತದೆ. ಗ್ಯಾಸ್ಕೆಟ್ ಜೊತೆಗೆ ಸಿಲಿಕಾನ್ ಪೇಸ್ಟನ್ನು ಧಾರಾಳವಾಗಿ ಮೆತ್ತುವುದಕ್ಕೆ ಮಾತ್ರ ಒಪ್ಪಬೇಡಿ. ಹೆಚ್ಚಾದದ್ದು ಒಳಗೆ ಕಿತ್ತುಬಂದು ಆಯಿಲ್ ದಾರಿಯನ್ನು ಕಟ್ಟಿದರೆ ವಾಲ್ವುಗಳನ್ನು ತೆರೆಯುವ ಮೇಲಿನ ಕ್ಯಾಮ್‌ಶಾಫ್ಟೇ ಆಯಿಲಿಲ್ಲದೆ ಒಣಗುತ್ತದೆ.

ಅವರ ಕಡೆಯ ಕಷ್ಟವನ್ನೂ ಹೇಳಿಬಿಡುತ್ತೇನೆ. ವಾರಂಟಿ ಕೆಲಸದ ಕೂಲಿಯನ್ನು ಡೀಲರಿಗೆ ಕೊಡುವುದು ಕಂಪನಿ, ಗ್ರಾಹಕನಿಂದ ಬರುವ ಕೂಲಿಯಷ್ಟು ಅದರಲ್ಲಿ ಗಿಟ್ಟುವುದು ಕಡಿಮೆ. ಕ್ಲೇಮ್ ತಿರಸ್ಕೃತವಾದರೆ ನಷ್ಟ ಡೀಲರಿನದೇ. ಹೀಗಾಗಿ ಕೌಂಟರಿನಲ್ಲಿ ಕೇಳಿದ ಮೊದಲ “ಇಲ್ಲ” ಕಂಪನಿಯ ನಿರ್ಧಾರವೆಂದು ತಿಳಿಯಬೇಡಿ. ಎಂಜಿನ್ನಿನ ದೊಡ್ಡ ಭಾಗಗಳ ವಿಷಯದಲ್ಲಿ ತೀರ್ಮಾನ ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್ ಮಟ್ಟದಲ್ಲಿ ಆಗುತ್ತದೆ, ಅವರು ಬರುವ ದಿನ ಕೇಳಿಕೊಂಡು ಅಂದೇ ಗಾಡಿ ತೋರಿಸುವುದು ಹತ್ತು ಫೋನ್ ಕರೆಗಿಂತ ಮೇಲು. ಅದೇ ಕಂಪನಿಯ ಬೇರೆ ಅಧಿಕೃತ ಸೆಂಟರು ಬೀದರಿನಲ್ಲಿರಲಿ ಯಾದಗಿರಿಯಲ್ಲಿರಲಿ, ಸಾಮಾನ್ಯವಾಗಿ ವಾರಂಟಿ ಅಲ್ಲಿಯೂ ನಡೆಯುತ್ತದೆ. ಗಾಡಿ ಕೊಂಡ ಜಾಗಕ್ಕೇ ಅಂಟಿಕೊಳ್ಳಬೇಕಿಲ್ಲ.

ಬಿಸಿಲಿನಿಂದ ಹೀಗಾಯಿತು ಎಂಬ ಸಬೂಬನ್ನು ಒಪ್ಪಬೇಡಿ. ಕಲಬುರಗಿಯಲ್ಲಿ ಬೇಸಿಗೆಗೆ 42 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ, ಇಲ್ಲಿ ಮಾರುವ ಗಾಡಿ ಇಲ್ಲಿಯ ಬಿಸಿಲನ್ನು ತಾಳಬೇಕು. ನಿಮ್ಮನ್ನು ನಿಜವಾಗಿ ಕಟ್ಟಿಹಾಕಬಲ್ಲ ಕಾರಣಗಳು ಬೇರೆ: ಸರ್ವಿಸನ್ನು ಕಿಲೋಮೀಟರ್ ಅಥವಾ ದಿನ, ಯಾವುದು ಮೊದಲೋ ಅದರಂತೆ ಮಾಡಿಸದಿರುವುದು, ಹೇಳಿದ ದರ್ಜೆಯ ಆಯಿಲ್ ಬಳಸದಿರುವುದು, ಹೊರಗೆ ಎಂಜಿನ್ ಬಿಚ್ಚಿಸಿರುವುದು. ಆದ್ದರಿಂದ ಹೊರಗಿನ ಮಿಸ್ತ್ರಿಗೆ ತೋರಿಸಿ ಅಭಿಪ್ರಾಯ ಕೇಳಬಹುದು, ಆದರೆ ವಾರಂಟಿ ಇರುವವರೆಗೆ ಅವರ ಪಾನಾ ಎಂಜಿನ್ನಿಗೆ ತಾಗಬಾರದು. ಅವರು ಎಷ್ಟೇ ಕುಶಲರಿರಲಿ (ಕಲಬುರಗಿಯ ಹುಮನಾಬಾದ್ ಬೇಸ್ ಕಡೆ ಸದ್ದು ಕೇಳಿಯೇ ಕಾಯಿಲೆ ಹೇಳುವವರಿದ್ದಾರೆ), ಅದು ಅವರ ಕುಶಲತೆಯ ಪ್ರಶ್ನೆಯಲ್ಲ.

ಇಷ್ಟಾದರೂ ಒಪ್ಪದಿದ್ದರೆ ನಿರಾಕರಣೆಯ ಕಾರಣವನ್ನು ಇಮೇಲಿನಲ್ಲಿ ಕೇಳಿ, ಡೀಲರಿಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಒಂದೇ ಪತ್ರ ಹೋಗಲಿ. ಅನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ. ಅದು ನ್ಯಾಯಾಲಯವಲ್ಲ, ಆದರೆ ದೂರು ಕಂಪನಿಯ ಮೇಲಿನ ಹಂತಕ್ಕೆ ತಲುಪುವುದರಿಂದ ಎಷ್ಟೋ ಪ್ರಕರಣಗಳು ಅಲ್ಲಿಯೇ ಇತ್ಯರ್ಥವಾಗುತ್ತವೆ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಾರಣ ಉಂಟಾದ 2 ವರ್ಷದೊಳಗೆ ಕೊಡಬೇಕು, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ.

ಅಲ್ಲಿ ದೂರನ್ನು ಹೇಗೆ ಬರೆಯುತ್ತೀರಿ ಎಂಬುದು ಮುಖ್ಯ. ತಯಾರಿಕೆಯ ದೋಷವೆಂದು ಮಾತ್ರ ಬರೆದರೆ ತಜ್ಞರ ವರದಿಯ ಪ್ರಶ್ನೆ ಏಳುತ್ತದೆ. ಆಯೋಗವೇ ಪರೀಕ್ಷೆಗೆ ಕಳಿಸಬಹುದಾದರೂ ಅದಕ್ಕೆ ಕಾಲ ಹಿಡಿಯುತ್ತದೆ. ಒಂದೇ ದೂರಿಗೆ ಎರಡು ಜಾಬ್ ಕಾರ್ಡುಗಳಿದ್ದು, ಮೊದಲ ರಿಪೇರಿ ನಿಲ್ಲಲಿಲ್ಲ ಎಂಬುದು ಕಾಗದದ ಮೇಲೆಯೇ ಕಾಣುವಾಗ ಸೇವೆಯಲ್ಲಿನ ಕೊರತೆಯನ್ನು ತೋರಿಸುವುದು ಹೆಚ್ಚು ಸುಲಭ. ಎರಡನ್ನೂ ಬರೆಯಿರಿ, ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿರಿ.

ರಿಪೇರಿಗೆ ಒಪ್ಪಿದರೆ ಶೂನ್ಯ ಮೊತ್ತದ್ದಾದರೂ ಸರಿ, ಬದಲಿಸಿದ ಭಾಗಗಳ ಹೆಸರಿರುವ ಬಿಲ್ ಪಡೆಯಿರಿ. ಹೊಸ ಆಯಿಲಿನ ಹಣವನ್ನು ಅವರು ಕೇಳಬಹುದು. ಅದೊಂದಕ್ಕೆ ಜಗಳ ಬೇಡ ಎಂಬುದು ನನ್ನ ಅಭಿಪ್ರಾಯ. ಬದಲಿಸಿದ ಭಾಗಕ್ಕೆ ಹೊಸದಾಗಿ ಪೂರ್ತಿ ವಾರಂಟಿ ಶುರುವಾಗುವುದಿಲ್ಲ, ಮೂಲ ಅವಧಿಯಲ್ಲಿ ಉಳಿದಷ್ಟೇ ಸಿಗುವುದು ಸಾಮಾನ್ಯ. ಹಾಗಾಗಿ ಗಾಡಿ ಮನೆಗೆ ಬಂದ ಮೇಲೆ ಕೆಲವು ಸಲ ಚೆನ್ನಾಗಿ ಬಿಸಿಯಾಗಿ ತಣಿದ ಬಳಿಕ ಪೌಡರಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಕಲೆ ಕಂಡರೆ ಅದೇ ವಾರ ಮುಂದಿನ ಜಾಬ್ ಕಾರ್ಡ್ ತೆರೆಸಿ.