ವೈದ್ಯರನ್ನು ಕೇಳಿ: ಅನ್ನನಾಳದ ಕ್ಯಾನ್ಸರಿಗೆ ಕೀಹೋಲ್ ಶಸ್ತ್ರಚಿಕಿತ್ಸೆ

ಪ್ರಶ್ನೆ: ನನ್ನ ತಂದೆಯವರಿಗೆ 62 ವರ್ಷ. ಮುದ್ದೆ, ರೊಟ್ಟಿ ನುಂಗಲು ಕಷ್ಟವಾಗುತ್ತಿದೆಯೆಂದು ಎಂಡೋಸ್ಕೋಪಿ ಮಾಡಿಸಿದಾಗ ಅನ್ನನಾಳದ ನಡುಭಾಗದಲ್ಲಿ ಸ್ಕ್ವಾಮಸ್ ಬಗೆಯ ಕ್ಯಾನ್ಸರ್ ಪತ್ತೆಯಾಯಿತು. ಕಿಮೋ ಮತ್ತು ರೇಡಿಯೇಷನ್ ಮುಗಿದಿವೆ. ಒಂದು ಆಸ್ಪತ್ರೆಯವರು ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಬೇಕೆನ್ನುತ್ತಾರೆ. ಇನ್ನೊಂದು ಆಸ್ಪತ್ರೆಯವರು ಕೀಹೋಲ್ ವಿಧಾನ ಸಾಕು, ಆದರೆ ಖರ್ಚು ಹೆಚ್ಚು ಎನ್ನುತ್ತಾರೆ. ಸಣ್ಣ ರಂಧ್ರಗಳ ಮೂಲಕ ಗೆಡ್ಡೆಯನ್ನು ಪೂರ್ತಿ ತೆಗೆಯಲಾದೀತೇ ಎಂಬ ಅನುಮಾನ ಮನೆಯವರಿಗಿದೆ. ತಂದೆ ಬಹಳ ವರ್ಷ ಬೀಡಿ ಸೇದಿದವರು. ನಾವು ಯಾವುದನ್ನು ಆರಿಸಬೇಕು?
– ಹೆಸರು ಬೇಡ, ಹಾಸನ

ಉತ್ತರ: ಮೊದಲು ಮನೆಯವರ ಅನುಮಾನಕ್ಕೆ ಉತ್ತರಿಸುತ್ತೇನೆ. ಎರಡೂ ವಿಧಾನಗಳಲ್ಲಿ ದೇಹದ ಒಳಗೆ ನಡೆಯುವ ಕೆಲಸ ಒಂದೇ. ಅನ್ನನಾಳದ ಬಹುಭಾಗವನ್ನೂ ಅದರ ಸುತ್ತಲಿನ ಲಿಂಫ್ ಗ್ರಂಥಿಗಳನ್ನೂ ತೆಗೆದು, ಜಠರವನ್ನು ಕೊಳವೆಯಂತೆ ರೂಪಿಸಿ ಮೇಲಕ್ಕೆಳೆದು, ಎದೆಯಲ್ಲಿ ಅಥವಾ ಕುತ್ತಿಗೆಯಲ್ಲಿ ಉಳಿದ ಅನ್ನನಾಳಕ್ಕೆ ಜೋಡಿಸುತ್ತಾರೆ. ಒಳಗೆ ಹೋಗುವ ದಾರಿ ಮಾತ್ರ ಬೇರೆ. ತೆರೆದ ವಿಧಾನದಲ್ಲಿ ಎದೆಯ ಸ್ನಾಯುಗಳನ್ನು ಕತ್ತರಿಸಿ ಪಕ್ಕೆಲುಬುಗಳನ್ನು ಅಗಲಿಸಬೇಕಾಗುವುದರಿಂದ ಆಮೇಲಿನ ನೋವು ತೀವ್ರವಾಗಿರುತ್ತದೆ; ನೋವಿಗೆ ಹೆದರಿ ರೋಗಿ ಗಟ್ಟಿಯಾಗಿ ಕೆಮ್ಮುವುದಿಲ್ಲ, ಕಫ ಒಳಗೇ ಉಳಿಯುತ್ತದೆ, ನಿಮೋನಿಯಾ ಶುರುವಾಗುತ್ತದೆ. ಈ ಶಸ್ತ್ರಚಿಕಿತ್ಸೆಯ ನಂತರ ರೋಗಿಯನ್ನು ಐಸಿಯುವಿನಲ್ಲಿ ಹೆಚ್ಚು ದಿನ ಉಳಿಸುವ ಕಾರಣಗಳಲ್ಲಿ ಇದು ಮುಖ್ಯವಾದದ್ದು. ಆದ್ದರಿಂದ ಬೀಡಿ ಸೇದಿದ ನಿಮ್ಮ ತಂದೆಯವರ ವಿಷಯದಲ್ಲಿ ಮೊದಲು ಯೋಚಿಸಬೇಕಾದದ್ದು ಶ್ವಾಸಕೋಶದ ಬಗ್ಗೆ.

ಈ ವಿಷಯದಲ್ಲಿ ಸಾಕ್ಷ್ಯ ಸ್ಪಷ್ಟವಾಗಿದೆ. ನೆದರ್ಲೆಂಡ್ಸ್, ಸ್ಪೇನ್ ಮತ್ತು ಇಟಲಿಯ ಆಸ್ಪತ್ರೆಗಳಲ್ಲಿ 115 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ‘ಟೈಮ್’ ಅಧ್ಯಯನದಲ್ಲಿ, ಮೊದಲ ಎರಡು ವಾರಗಳೊಳಗೆ ಶ್ವಾಸಕೋಶದ ಸೋಂಕು ತೆರೆದ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 29ರಷ್ಟು ಮಂದಿಗೆ, ಕೀಹೋಲ್ ಗುಂಪಿನಲ್ಲಿ ಶೇ. 9ರಷ್ಟು ಮಂದಿಗೆ ತಗಲಿತ್ತು. ಫ್ರಾನ್ಸಿನ ‘ಮಿರೊ’ ಅಧ್ಯಯನದಲ್ಲಿ ಹೊಟ್ಟೆಯ ಭಾಗದ ಕೆಲಸವನ್ನಷ್ಟೇ ಲ್ಯಾಪರೊಸ್ಕೋಪಿಯಿಂದ, ಅಂದರೆ ಹೊಟ್ಟೆಯ ಕೀಹೋಲ್ ವಿಧಾನದಿಂದ ಮಾಡಿ ಎದೆಯನ್ನು ಎಂದಿನಂತೆ ತೆರೆದಿದ್ದರು; ಅಷ್ಟರಿಂದಲೇ ಗಂಭೀರ ತೊಡಕುಗಳು ಶೇ. 64ರಿಂದ 36ಕ್ಕೆ ಇಳಿದವು. ಯೂಟ್ರೆಕ್ಟಿನಲ್ಲಿ ನಡೆದ ರೋಬೋಟಿಕ್ ಶಸ್ತ್ರಚಿಕಿತ್ಸೆಯ ಅಧ್ಯಯನವೂ ಇದೇ ದಿಕ್ಕಿನಲ್ಲಿತ್ತು.

ಇನ್ನು ಕ್ಯಾನ್ಸರಿನ ಮಾತು. ‘ಟೈಮ್’ ಅಧ್ಯಯನದ ರೋಗಿಗಳಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ತೆರೆದ ಗುಂಪಿನಲ್ಲಿ ಸುಮಾರು ಶೇ. 40, ಕೀಹೋಲ್ ಗುಂಪಿನಲ್ಲಿ ಸುಮಾರು ಶೇ. 50. ಆದರೆ ಇಷ್ಟು ಕಡಿಮೆ ರೋಗಿಗಳಿರುವಾಗ ಈ ಅಂತರ ಆಕಸ್ಮಿಕವೂ ಆಗಿರಬಹುದು. ಜಪಾನಿನಲ್ಲಿ 300 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2024ರಲ್ಲಿ ಹೊರಬಂದಾಗ, ಎದೆಯ ಕೀಹೋಲ್ ವಿಧಾನವು ತೆರೆದ ವಿಧಾನಕ್ಕಿಂತ ಕಡಿಮೆಯದಲ್ಲ ಎಂಬುದು ದೃಢವಾಯಿತು. ಈ ಅಂಕಿಗಳನ್ನೇ ಮುಂದಿಟ್ಟು ಕೀಹೋಲ್ ಮಾಡಿಸಿದರೆ ಕ್ಯಾನ್ಸರ್ ಹೆಚ್ಚು ಗುಣವಾಗುತ್ತದೆಂದು ಹೇಳುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಬದುಕುಳಿಯುವುದನ್ನು ಹೆಚ್ಚಾಗಿ ನಿರ್ಧರಿಸುವುದು ರೋಗದ ಹಂತ, ಮತ್ತು ಶಸ್ತ್ರಚಿಕಿತ್ಸೆಗೆ ಮುನ್ನ ಪಡೆದ ಕಿಮೋ-ರೇಡಿಯೇಷನ್. ಸ್ಕ್ವಾಮಸ್ ಬಗೆಯಲ್ಲಿ ಅದರ ಪರಿಣಾಮ ದೊಡ್ಡದು: ನೆದರ್ಲೆಂಡ್ಸಿನ ‘ಕ್ರಾಸ್’ ಅಧ್ಯಯನದಲ್ಲಿ ಈ ಬಗೆಯ ಸುಮಾರು ಅರ್ಧದಷ್ಟು ರೋಗಿಗಳಲ್ಲಿ, ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಜೀವಂತ ಕ್ಯಾನ್ಸರ್ ಕೋಶಗಳೇ ಕಾಣಲಿಲ್ಲ. ನಿಮ್ಮ ತಂದೆಯವರು ಆ ಚಿಕಿತ್ಸೆಯನ್ನು ಈಗಾಗಲೇ ಮುಗಿಸಿದ್ದಾರೆ.

ಹಾಗಿದ್ದರೂ ಕೀಹೋಲ್ ಎಂಬ ಹೆಸರೊಂದನ್ನೇ ನಂಬಿ ಆಸ್ಪತ್ರೆಯನ್ನು ಆರಿಸಬೇಡಿ. ಇದು ಕೈಗೆ ಹತ್ತಲು ವರ್ಷಗಳು ಬೇಕಾಗುವ ಶಸ್ತ್ರಚಿಕಿತ್ಸೆ. ಯುರೋಪಿನ ನಾಲ್ಕು ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದವರಿಗೆ, ಜೋಡಣೆಯ ಹೊಲಿಗೆ ಸೋರುವ ಪ್ರಮಾಣವು ಆರಂಭದ ದಿನಗಳ ಸುಮಾರು ಶೇ. 19ರಿಂದ ಶೇ. 5ಕ್ಕಿಂತ ಕೆಳಗಿಳಿಯಲು ನೂರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ಅನುಭವ ಬೇಕಾಯಿತೆಂದು ಕಂಡುಬಂತು. ಪರಿಣತಿ ಪರದೇಶದಲ್ಲಷ್ಟೇ ಇದೆ ಎಂದೇನಲ್ಲ. ರೋಗಿಯನ್ನು ಬೋರಲು ಮಲಗಿಸಿ ಎದೆಯ ಕೀಹೋಲ್ ಮಾಡುವ ಕ್ರಮದಲ್ಲಿ 130 ರೋಗಿಗಳ ಅನುಭವವನ್ನು ಕೊಯಮತ್ತೂರಿನ ಡಾ. ಸಿ. ಪಳನಿವೇಲು ಅವರ ತಂಡ 2006ರಲ್ಲೇ ಪ್ರಕಟಿಸಿತ್ತು. ನೀವು ಎರಡೂ ಕಡೆಯ ಶಸ್ತ್ರಚಿಕಿತ್ಸಕರನ್ನು ಸಂಕೋಚವಿಲ್ಲದೆ ಕೇಳಿ: ಅನ್ನನಾಳದ ಇಂಥ ಶಸ್ತ್ರಚಿಕಿತ್ಸೆಗಳನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ, ಎಷ್ಟು ಮಂದಿಗೆ ಸೋರಿಕೆಯಾಗಿದೆ, 90 ದಿನಗಳೊಳಗೆ ತೀರಿಕೊಂಡವರೆಷ್ಟು? ಒಳ್ಳೆಯ ತಂಡಗಳು ಈ ಲೆಕ್ಕವನ್ನು ಇಟ್ಟಿರುತ್ತವೆ. ಉತ್ತರಗಳು ಸಮಸಮವಾಗಿದ್ದರೆ, ಶ್ವಾಸಕೋಶದ ಕಾರಣಕ್ಕಾಗಿ ನಾನು ಕೀಹೋಲನ್ನೇ ಆರಿಸುತ್ತೇನೆ. ತೆರೆದ ವಿಧಾನದವರ ಅನುಭವ ಬಹಳ ಹೆಚ್ಚಿದ್ದರೆ ಅವರನ್ನು. ಕೀಹೋಲಿನಲ್ಲಿ ಆರಂಭಿಸಿ, ರಕ್ತಸ್ರಾವ ಅಥವಾ ಅಂಟಿಕೊಂಡ ಗೆಡ್ಡೆಯ ಕಾರಣ ಎದೆ ತೆರೆಯಬೇಕಾಗಿ ಬಂದರೆ ಅದನ್ನು ಸೋಲೆಂದು ಭಾವಿಸಬೇಡಿ; ಅದು ರೋಗಿಯ ಸುರಕ್ಷತೆಗಾಗಿ ಮಾಡುವ ತೀರ್ಮಾನ.

ರೇಡಿಯೇಷನ್ ಮುಗಿದ ಮೇಲೆ ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ಬಿಡುವು ಇರುತ್ತದೆ. ಆ ವಾರಗಳಲ್ಲಿ ಬೀಡಿ ಪೂರ್ತಿ ನಿಲ್ಲಬೇಕು, ಸ್ಪೈರೊಮೀಟರಿನಲ್ಲಿ ಉಸಿರಿನ ಅಭ್ಯಾಸ ಮತ್ತು ನಡಿಗೆ ದಿನವೂ ನಡೆಯಬೇಕು, ತೂಕ ಇಳಿಯದಂತೆ ಆಹಾರ ಸಿಗಬೇಕು.

ಪ್ರಶ್ನೆ: ನನ್ನ ಅಕ್ಕನಿಗೆ ಮೂರು ತಿಂಗಳ ಹಿಂದೆ ಇದೇ ಕಾಯಿಲೆಗೆ ಕೀಹೋಲ್ ಶಸ್ತ್ರಚಿಕಿತ್ಸೆ ಆಯಿತು. ಹೊರಗಿನ ಗಾಯ ಬೇಗ ಮಾಯಿತು. ಆದರೆ ತೂಕ ಇಳಿಯುತ್ತಲೇ ಇದೆ, ಧ್ವನಿ ಒಡೆದಿದೆ, ಊಟವಾದ ಸ್ವಲ್ಪ ಹೊತ್ತಿಗೆ ಬೆವರು, ಎದೆ ಬಡಿತ, ಭೇದಿ ಆಗುತ್ತದೆ. ಕ್ಯಾನ್ಸರ್ ಮರುಕಳಿಸಿದೆಯೇ?
– ಓದುಗರು, ದಾವಣಗೆರೆ

ಉತ್ತರ: ನೀವು ಬರೆದ ಲಕ್ಷಣಗಳಿಗೆ ಶಸ್ತ್ರಚಿಕಿತ್ಸೆಯೇ ಕಾರಣವಾಗಿರುವ ಸಾಧ್ಯತೆ ಹೆಚ್ಚು, ಆದರೂ ತಪಾಸಣೆಯನ್ನು ತಪ್ಪಿಸಬೇಡಿ. ಹೊರಗಿನ ಗಾಯ ಚಿಕ್ಕದಾದರೂ ಒಳಗಿನ ಬದಲಾವಣೆ ದೊಡ್ಡದು. ಮೊದಲ ಆರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು ತಮ್ಮ ತೂಕದ ಹತ್ತರಲ್ಲೊಂದು ಭಾಗವನ್ನಾದರೂ ಕಳೆದುಕೊಳ್ಳುತ್ತಾರೆ. ಊಟದ ನಂತರದ ಬೆವರು ಮತ್ತು ಭೇದಿಗೆ ಡಂಪಿಂಗ್ ಎನ್ನುತ್ತಾರೆ. ಆಹಾರವು ಜಠರದ ಕೊಳವೆಯಿಂದ ಕರುಳಿಗೆ ಬೇಗನೆ ಇಳಿಯುವುದೇ ಅದಕ್ಕೆ ಕಾರಣ. ದಿನಕ್ಕೆ ಆರು ಬಾರಿ ಸ್ವಲ್ಪಸ್ವಲ್ಪವೇ ಉಣ್ಣುವುದು, ಸಿಹಿ ಪಾನೀಯಗಳನ್ನು ಬಿಡುವುದು, ಊಟದ ಜೊತೆಗೆ ನೀರು ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯುವುದು, ಪ್ರತಿ ಊಟದಲ್ಲೂ ಮೊಟ್ಟೆ, ಬೇಳೆ ಅಥವಾ ಮೊಸರು ಇರುವಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ನೆರವಾಗುತ್ತದೆ. ಉಂಡ ಕೂಡಲೇ ಮಲಗಬಾರದು. ರಾತ್ರಿ ತಲೆಯ ಭಾಗ ಎತ್ತರದಲ್ಲಿರಬೇಕು.

ಧ್ವನಿ ಒಡೆದಿರುವುದು ಧ್ವನಿಪೆಟ್ಟಿಗೆಯ ನರಕ್ಕೆ ಆದ ಪೆಟ್ಟಿನಿಂದ ಇರಬಹುದು. ಆ ನರದ ಪಕ್ಕದಲ್ಲೇ ತೆಗೆಯಬೇಕಾದ ಗ್ರಂಥಿಗಳಿರುತ್ತವೆ, ಕೀಹೋಲಿನಲ್ಲೂ ಈ ಅಪಾಯ ತಪ್ಪುವುದಿಲ್ಲ. ಹಲವರಲ್ಲಿ ತಿಂಗಳುಗಳಲ್ಲಿ ಸರಿಹೋಗುತ್ತದೆ, ಆದರೆ ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಕಾಯದೆ ಇಎನ್‌ಟಿ ವೈದ್ಯರಿಗೆ ತೋರಿಸಿ. ನುಂಗುವುದು ಮತ್ತೆ ಕಷ್ಟವಾದರೆ ಜೋಡಣೆಯ ಜಾಗ ಕಿರಿದಾಗಿರಬಹುದು. ಎಂಡೋಸ್ಕೋಪಿಯಿಂದ ಅದನ್ನು ಹಿಗ್ಗಿಸಬಹುದು.

ಇನ್ನೊಂದು ವಿಷಯ ಮನೆಯವರೆಲ್ಲರಿಗೂ ತಿಳಿದಿರಲಿ. ಕೀಹೋಲ್ ಮಾಡಿಸಿಕೊಂಡವರ ಹೊಟ್ಟೆಯಲ್ಲಿ ಅಂಟುಗಳು (ಗಾಯ ಮಾಯುವಾಗ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು) ಕಡಿಮೆಯಾಗುವುದರಿಂದ, ಕರುಳು ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ) ರಂಧ್ರದ ಮೂಲಕ ಎದೆಗೆ ಜಾರುವ ಹರ್ನಿಯಾ ತೆರೆದ ವಿಧಾನಕ್ಕಿಂತ ಹೆಚ್ಚಾಗಿ ಕಾಣುತ್ತದೆ. ತಿಂಗಳುಗಳು, ವರ್ಷಗಳು ಕಳೆದ ಮೇಲೂ ಅದು ಬರಬಹುದು. ಹಠಾತ್ತನೆ ಹೊಟ್ಟೆ ಅಥವಾ ಎದೆಯ ನೋವು, ನಿಲ್ಲದ ವಾಂತಿ, ಏದುಸಿರು ಕಂಡರೆ ಗ್ಯಾಸ್ ಎಂದು ಮಾತ್ರೆ ನುಂಗಿಸಿ ಕೂರಿಸಬೇಡಿ. ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಪತ್ರದೊಂದಿಗೆ ಕೂಡಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ದು ಸಿಟಿ ಸ್ಕ್ಯಾನ್ ಮಾಡಿಸಿ.